ಸೀಲ್ ಒಡೆದ ಆಯಿಲ್ ಕ್ಯಾನು

ಕಾದ ಎಂಜಿನ್ನಿನಿಂದ ಹಳೇ ಆಯಿಲ್ ಇಳಿಸುವಾಗ ಒಂದು ವಾಸನೆ ಬರುತ್ತದೆ. ಬಾಣಲೆಯಲ್ಲಿ ಹತ್ತು ಸಲ ಕರಿದ ಎಣ್ಣೆಗೆ ಯಾರೋ ಸೀಮೆಎಣ್ಣೆ ಬೆರೆಸಿದಂಥ ವಾಸನೆ. ಹೋದ ವಾರ ಇಟ್ಟಮಡುವಿನಲ್ಲಿ ತರಕಾರಿ ಗಾಡಿಯ ಮುಂದೆ ನಿಂತಿದ್ದಾಗ ಪಕ್ಕದ ಗ್ಯಾರೇಜಿನಿಂದ ಅದು ಮೂಗಿಗೆ ಬಡಿಯಿತು. ಕೈಯಲ್ಲಿದ್ದ ಬದನೆಕಾಯಿ ಕೈಯಲ್ಲೇ ಉಳಿಯಿತು. ಎಷ್ಟು ಸಲ ತಿರುಗಿಸಿ ನೋಡುತ್ತೀರಮ್ಮ, ಹುಳ ಇಲ್ಲ ಎಂದು ಗಾಡಿಯವನು ರೇಗಿದ. ನಾನು ಹುಳ ಹುಡುಕುತ್ತಿರಲಿಲ್ಲ. ಮೂರು ವರ್ಷದ ಹಿಂದಿನ ಒಂದು ಮಳೆಗಾಲದ ಒಳಗೆ ಹೋಗಿ ನಿಂತುಬಿಟ್ಟಿದ್ದೆ.

ಅವನು ರೇಗಿದ್ದರಲ್ಲಿ ತಪ್ಪೂ ಇಲ್ಲ ಅನ್ನಿ. ನನ್ನ ಸ್ವಭಾವವೇ ಅಂಥದ್ದು. ಹಾಲಿನ ಪ್ಯಾಕೆಟ್ಟಿನ ತಾರೀಖು ಓದದೆ ಒಲೆಯ ಮೇಲೆ ಇಟ್ಟವಳಲ್ಲ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸದೆ ಚೀಲಕ್ಕೆ ಹಾಕಿದವಳಲ್ಲ. ಗ್ಯಾಸ್ ಸಿಲಿಂಡರ್ ತಂದವನನ್ನು ತೂಕ ಹಾಕಿಸದೆ ಕಳಿಸಿದವಳೂ ಅಲ್ಲ. ಇದನ್ನು ಜನ ಅನುಮಾನದ ಬುದ್ಧಿ ಎನ್ನುತ್ತಾರೆ. ಅನ್ನಲಿ. ಬೆಂಗಳೂರಿನಲ್ಲಿ ಮನೆ ಕಟ್ಟಿ, ಬಾಡಿಗೆದಾರರನ್ನು ನೋಡಿ, ಅದರ ಮೇಲೆ ಒಂದು ಡ್ರೈವಿಂಗ್ ಸ್ಕೂಲ್ ನಡೆಸುವ ಹೆಂಗಸಿಗೆ ಈ ಬುದ್ಧಿ ಇಲ್ಲದಿದ್ದರೆ ಅವಳನ್ನು ಮಾರಿ ಮಂಗಳಾರತಿ ಎತ್ತುತ್ತಾರೆ.

ನಮ್ಮ ಯಜಮಾನರು ಇದಕ್ಕೆ ಪೂರಾ ಉಲ್ಟಾ. ಅವರು ಊರಿಗೆಲ್ಲ ಒಳ್ಳೆಯವರು. ಯಾರಿಗೂ ಗಟ್ಟಿಯಾಗಿ ಒಂದು ಮಾತಾಡಿದ್ದಿಲ್ಲ, ಯಾರನ್ನೂ ನೀನು ಹೀಗೆ ಮಾಡಿದೆಯಾ ಎಂದು ಕೇಳಿದ್ದಿಲ್ಲ. ಅವರದ್ದು ತಿಪಟೂರು ಕಡೆಯ ಮನೆತನ, ಅವರ ತಂದೆಯ ಕಾಲದಲ್ಲಿ ಕೊಬ್ಬರಿ ಮಂಡಿ ಇತ್ತು. ಮಂಡಿ ಹೋದರೂ ಮಂಡಿಯ ಬುದ್ಧಿ ಮಾತ್ರ ಹೋಗಿಲ್ಲ. ಚಿಕ್ಕ ಪ್ಯಾಕೆಟ್ ಕಂಡರೆ ಅವರಿಗೆ ಆಗುವುದಿಲ್ಲ. ಅಕ್ಕಿ ಮೂಟೆಯಲ್ಲಿ, ಕಡಲೆಕಾಯಿ ಎಣ್ಣೆ ಡಬ್ಬದಲ್ಲಿ, ಬೆಲ್ಲ ಪಿಂಡಿಯಲ್ಲಿ ಬರಬೇಕು. ಬಂದದ್ದನ್ನು ಭಾನುವಾರ ಕೂತು ಸಣ್ಣ ಸಣ್ಣ ಡಬ್ಬಿಗಳಿಗೆ ತುಂಬುವುದು ಅವರ ಪೂಜೆ. ನಮ್ಮ ಮನೆಯಲ್ಲಿ ಯಾವ ಬಾಟಲಿಯ ಚೀಟಿಗೂ ಒಳಗಿನ ಪದಾರ್ಥಕ್ಕೂ ಸಂಬಂಧ ಇರುವುದಿಲ್ಲ. ಬಂದ ನೆಂಟರು ಶಾಂಪೂ ಎಂದುಕೊಂಡು ಪಾತ್ರೆ ತೊಳೆಯುವ ದ್ರವದಲ್ಲಿ ತಲೆ ತೊಳೆದುಕೊಂಡು ಹೋದದ್ದುಂಟು.

ಸ್ಕೂಲು ಬನಶಂಕರಿ ಮೂರನೇ ಹಂತದಲ್ಲಿ, ನಮ್ಮ ಮನೆಯ ಕೆಳಗಿನ ಒಂದು ಕೋಣೆ. ಅದರಲ್ಲಿ ಒಂದು ಮೇಜು, ಟ್ರಾಫಿಕ್ ಚಿಹ್ನೆಗಳ ಒಂದು ಬೋರ್ಡು, ಆಯಿಲ್ ಕ್ಯಾನು, ಚಿಂದಿ ಬಟ್ಟೆ ಇಡುವ ಒಂದು ಗೂಡು. ಹೊರಗೆ ಎಲ್ ಬೋರ್ಡಿನ ಒಂದು ಹಳೇ ಕಾರು. ಬೆಳಗ್ಗೆ ಹತ್ತರ ಮೇಲೆ ಹೆಂಗಸರಿಗೆ ನಾನೇ ಕಲಿಸುತ್ತಿದ್ದೆ. ಮುಂಜಾನೆ ಮತ್ತು ಸಂಜೆಯ ತರಗತಿಗಳು ಮುನಿರಾಜುವಿನವು.

ಮುನಿರಾಜು ಹೊಸಕೆರೆಹಳ್ಳಿಯ ಹಳೇ ಊರಿನವನು. ಸ್ಕೂಲು ಶುರುವಾದಾಗಿನಿಂದ ನಮ್ಮ ಜೊತೆಗೇ ಇದ್ದ. ಸಣ್ಣ ಆಳು, ಮೆಲ್ಲಗಿನ ಮಾತು. ಕಲಿಯುವವರು ಎಷ್ಟೇ ಎಡವಟ್ಟು ಮಾಡಲಿ, ಅವನು ಸಿಡುಕಿದ್ದನ್ನು ಯಾರೂ ನೋಡಿಲ್ಲ. ಇಲ್ಲಿ ನಮ್ಮಜ್ಜ ರಾಗಿ ಬೆಳೀತಿದ್ರು ಮೇಡಂ, ಈಗ ಕ್ಲಚ್ ಬಿಡಿ ಎಂದು ಅದೇ ದನಿಯಲ್ಲಿ ಹೇಳುತ್ತಿದ್ದ. ಹೆದರಿ ಬೆವೆತುಹೋಗಿದ್ದವರೂ ನಕ್ಕು ಕ್ಲಚ್ ಬಿಡುತ್ತಿದ್ದರು. ಸ್ಕೂಲಿಗೆ ಜನ ಬರುತ್ತಿದ್ದದ್ದು ಬೋರ್ಡು ನೋಡಿ ಅಲ್ಲ, ಮುನಿರಾಜು ಕಲಿಸುತ್ತಾನಂತೆ ಎಂದು ಒಬ್ಬರಿಂದ ಒಬ್ಬರು ಕೇಳಿ.

ನಮ್ಮ ಪಾಠಕ್ಕೆ ಒಂದು ಪದ್ಧತಿ ಇತ್ತು. ಎಂಜಿನ್ ಕೂಗಿಸಬಾರದು. ನಾವು ಕಲಿಸುವುದು ಕ್ರಾಸ್ ರೋಡುಗಳಲ್ಲಿ. ಎರಡೂ ಕಡೆ ರಿಟೈರ್ ಆದವರ ಮನೆಗಳು. ಮೊದಲ ಗೇರಿನಲ್ಲಿ ಕಾರು ಸ್ವಲ್ಪ ಅರಚಿದರೂ ಒಬ್ಬರು ಗೇಟಿಗೆ ಬಂದು ನಿಲ್ಲುತ್ತಿದ್ದರು, ಇನ್ನೊಬ್ಬರು ಪೊಲೀಸರಿಗೆ ಫೋನ್ ಮಾಡುತ್ತೇನೆ ಎನ್ನುತ್ತಿದ್ದರು. ಅದಕ್ಕೆ ಬೇಗ ಬೇಗ ಗೇರ್ ಏರಿಸಿ, ಮೂರನೆಯದರಲ್ಲಿ ಮೆಲ್ಲಗೆ ಎಳೆಸುವುದನ್ನು ಕಲಿಸುತ್ತಿದ್ದೆವು. ಹಳೇ ಕಾರು ಅದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಗುಡುಗುಡು ಎನ್ನುತ್ತ ಹೋಗುತ್ತಿತ್ತು.

ಆ ವರ್ಷ ಯುಗಾದಿಯ ಹೊತ್ತಿಗೆ ಎರಡನೇ ಕಾರು ಕೊಂಡೆವು. ಸೆಕೆಂಡ್ ಹ್ಯಾಂಡು. ಎಂಜಿನ್ ಚಿಕ್ಕದು, ಪೆಟ್ರೋಲ್, ಆದರೆ ಟರ್ಬೋ ಇದ್ದದ್ದು. ಮಾರಿದವರು ತ್ಯಾಗರಾಜನಗರದ ಒಬ್ಬ ಬ್ಯಾಂಕ್ ಅಧಿಕಾರಿ. ಕೀ ಕೊಡುವಾಗ ಒಂದು ಖಾಲಿ ಆಯಿಲ್ ಕ್ಯಾನನ್ನೂ ಕೈಗಿಟ್ಟು, ಇದೇ ಆಯಿಲ್ ಹಾಕಿಸಿ ಮೇಡಂ, ಬೇರೆ ಯಾವುದೂ ಬೇಡ ಎಂದು ಎರಡು ಸಲ ಹೇಳಿದರು. ಇವರ ಭಾವಮೈದುನನದ್ದು ಆಯಿಲ್ ಅಂಗಡಿ ಇರಬೇಕು ಎಂದು ನಾನು ಅಂದುಕೊಂಡೆ. ಆದರೂ ಅದೇ ಕ್ಯಾನುಗಳನ್ನೇ ಹುಡುಕಿ ತಂದೆ. ಯಜಮಾನರು ಕಾರು ತೆಗೆದುಕೊಂಡು ಹೋಗಿ ಇಟ್ಟಮಡುವಿನ ಸಲೀಂ ಭಾಯ್ ಗ್ಯಾರೇಜಿನಲ್ಲಿ ಆಯಿಲ್ ಬದಲಾಯಿಸಿಕೊಂಡು ಬಂದರು.

ಡ್ರೈವಿಂಗ್ ಸ್ಕೂಲಿನ ಕಾರು ಎಂದರೆ ದಿನವಿಡೀ ಕಾದಿರುತ್ತದೆ, ಆಯಿಲ್ ಬೇಗ ಸುಡುತ್ತದೆ. ಆಷಾಢದಲ್ಲಿ ಮತ್ತೆ ಬದಲಾಯಿಸುವ ಹೊತ್ತು ಬಂತು. ಕ್ಯಾನ್ ತಂದು ಗೂಡಿನಲ್ಲಿಟ್ಟಿದ್ದೇನೆ ಎಂದು ಯಜಮಾನರು ಹೇಳಿದರು. ನೋಡಿದೆ, ಅದೇ ಕಂಪನಿ, ಅದೇ ಬಣ್ಣ. ಮುನಿರಾಜು ಅವನ್ನು ತೆಗೆದುಕೊಂಡು ಹೋಗಿ ಹಾಕಿಸಿಕೊಂಡು ಬಂದ. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಶ್ರಾವಣದಲ್ಲಿ ಮಳೆ ಹಿಡಿಯಿತು. ಒಂದು ಬೆಳಗ್ಗೆ ಒಬ್ಬರು ಟೀಚರಮ್ಮನಿಗೆ ಇಟ್ಟಮಡುವಿನ ಏರಿನಲ್ಲಿ ಕಲಿಸುತ್ತಿದ್ದೆ. ಅವರು ಮೂರನೇ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದರು. ಎಂಜಿನ್ನಿನ ಒಳಗೆ ಯಾರೋ ಸುತ್ತಿಗೆಯಿಂದ ಒಂದು ಸಲ ಹೊಡೆದಂತೆ ಟಕ್ ಎಂದಿತು. ವೈಪರಿನ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ನನಗೆ ಪಾದದ ತನಕ ಕೇಳಿಸಿತು.

ಅವತ್ತಿನಿಂದ ನನ್ನ ನಿದ್ದೆ ಹೋಯಿತು. ಮೊದಲು ಅನುಮಾನ ಬಂದದ್ದು ಪೆಟ್ರೋಲ್ ಬಂಕಿನ ಮೇಲೆ. ಮಳೆಯಲ್ಲಿ ಛತ್ರಿ ಹಿಡಿದು ನಿಂತು ಫಿಲ್ಟರ್ ಪೇಪರ್ ಕೇಳಿ, ಅದರ ಮೇಲೆ ಪೆಟ್ರೋಲ್ ಬಿಡಿಸಿ, ಕಲೆ ಉಳಿಯುತ್ತದಾ ಎಂದು ನೋಡಿದೆ. ಹಿಂದಿನವರು ಹಾರ್ನ್ ಹೊಡೆದು ಬೈದರು. ಕಲೆ ಉಳಿಯಲಿಲ್ಲ. ಆದರೂ ಬಂಕು ಬದಲಾಯಿಸಿದೆ. ಆಮೇಲೆ ಕಾರು ಮಾರಿದ ಬ್ಯಾಂಕಿನವರ ಮೇಲೆ ಅನುಮಾನ. ರೋಗ ಇದ್ದದ್ದಕ್ಕೇ ತಾನೇ ಅಷ್ಟು ಸಲೀಸಾಗಿ ಕೊಟ್ಟದ್ದು ಅನಿಸಿತು. ಫೋನ್ ಮಾಡಿ ಕೇಳಿಯೂ ಕೇಳಿದೆ. ಅವರು ಬೇಸರದಿಂದ, ನಾನು ಹೇಳಿದ ಆಯಿಲ್ ಹಾಕಿಸಿದಿರಾ ಎಂದು ಮಾತ್ರ ಕೇಳಿದರು. ಹಾಕಿಸಿದ್ದೇನೆ ಎಂದೆ. ಆಮೇಲೆ ಸಲೀಂ ಭಾಯ್ ಮೇಲೆ. ಅವನ ಗ್ಯಾರೇಜಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತು, ಅವನು ಯಾವ ಬೋಲ್ಟಿಗೆ ಕೈ ಹಾಕಿದರೂ ಅದು ಯಾಕೆ ಎಂದು ಕೇಳಿದೆ. ಅವನು ಸ್ಪಾರ್ಕ್ ಪ್ಲಗ್ ಬಿಚ್ಚಿ ತೋರಿಸಿದ, ಏರ್ ಫಿಲ್ಟರ್ ಬಿಚ್ಚಿ ತೋರಿಸಿದ, ಕಡೆಗೆ ಸೋತು ಚಹಾ ತರಿಸಿಕೊಟ್ಟ. ಚಹಾವನ್ನೂ ಮೂಸಿ ಕುಡಿದೆ.

ಮುನಿರಾಜು ಮಾತ್ರ, ಕಲಿಯುವವರ ಕಾಲು ಭಾರ ಮೇಡಂ, ಈ ಕಾರಲ್ಲಿ ಮೂರನೇ ಗೇರು ಅಷ್ಟು ಬೇಗ ಬೇಡ ಅನ್ಸುತ್ತೆ ಎಂದ. ಇಷ್ಟು ವರ್ಷ ಇಲ್ಲದ್ದು ಈಗೇನು ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಗೌರಿ ಹಬ್ಬಕ್ಕೆ ಮುಂಚೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಹಳದಿ ದೀಪ ಹೊತ್ತಿತು. ಏರಿನಲ್ಲಿ ಕಾರು ಉಸಿರು ಕಟ್ಟಿದಂತೆ ಆಡತೊಡಗಿತು. ಜೆ.ಪಿ. ನಗರದ ಒಂದು ದೊಡ್ಡ ವರ್ಕ್‌ಶಾಪಿಗೆ ಎಳೆಸಿಕೊಂಡು ಹೋಗಿ ಎಂಜಿನ್ ಬಿಚ್ಚಿಸಿದೆವು. ಒಂದು ಪಿಸ್ಟನ್ನಿನ ಅಂಚು, ಉಂಗುರ ಕೂರುವ ಜಾಗದಲ್ಲಿ ಚೂರು ಒಡೆದಿತ್ತು. ಅಲ್ಲಿನ ಮ್ಯಾನೇಜರು ಮೊದಲು ಕೇಳಿದ್ದು ಯಾವ ಆಯಿಲ್ ಹಾಕಿಸುತ್ತೀರಿ ಎಂದು. ನಾನು ಹೆಮ್ಮೆಯಿಂದ ಫೈವ್ ಡಬ್ಲ್ಯೂ ಥರ್ಟಿ ಎಂದೆ. ಅವರು, ಅದು ಸರಿ, ರೇಟಿಂಗ್ ಯಾವುದು ಎಂದರು. ನಾನು ಕ್ಯಾನಿನ ಬಣ್ಣ ಹೇಳಿದೆ. ಅವರು ಕಾರಿನ ಜೊತೆ ಬಂದ ಪುಸ್ತಕ ತೆಗೆದು ಒಂದು ಪುಟ ತೋರಿಸಿ, ಬೇರೆ ಗಿರಾಕಿಯ ಹತ್ತಿರ ಹೋದರು.

ಆ ಪುಟವನ್ನು ನಾನು ಮನೆಗೆ ತಂದು, ಕನ್ನಡಕ ಹಾಕಿಕೊಂಡು, ಕ್ಯಾನಿನ ಚೀಟಿಯನ್ನೂ ಮೊಬೈಲನ್ನೂ ಪಕ್ಕದಲ್ಲಿಟ್ಟುಕೊಂಡು ಓದಿದೆ. ಇಷ್ಟು ವರ್ಷ ಕಾರು ಕಲಿಸಿದವಳು ಆಯಿಲ್ ಕ್ಯಾನನ್ನು ತಿರುಗಿಸಿ ನೋಡಿರಲಿಲ್ಲ. ಮುಂದೆ ದಪ್ಪ ಅಕ್ಷರದಲ್ಲಿ ಬರೆದಿರುವ ಫೈವ್ ಡಬ್ಲ್ಯೂ ಥರ್ಟಿ ಎನ್ನುವುದು ಎಣ್ಣೆ ಎಷ್ಟು ತೆಳು, ಎಷ್ಟು ಮಂದ ಎಂಬುದನ್ನು ಮಾತ್ರ ಹೇಳುತ್ತದೆ. ಚಳಿಯಲ್ಲಿ ಹೇಗೆ ಹರಿಯುತ್ತದೆ, ಕಾದಾಗ ಎಷ್ಟು ಗಟ್ಟಿ ನಿಲ್ಲುತ್ತದೆ ಎಂಬಷ್ಟೇ. ಆ ಎಣ್ಣೆಗೆ ಏನೇನು ಕೆಲಸ ಬರುತ್ತದೆ ಎನ್ನುವುದು ಹಿಂದಿರುವ ಉಂಗುರದಂಥ ಚಿಕ್ಕ ಗುರುತಿನಲ್ಲಿರುತ್ತದೆ. ಅಲ್ಲಿ ಎರಡು ಇಂಗ್ಲಿಷ್ ಅಕ್ಷರ. ಮೊದಲನೆಯದು ಎಸ್ ಆದರೆ ಪೆಟ್ರೋಲ್ ಎಂಜಿನ್ನಿನದು, ಸಿ ಆದರೆ ಡೀಸೆಲ್ಲಿನದು. ಎರಡನೇ ಅಕ್ಷರ ಎಷ್ಟು ಮುಂದಿನದೋ ಅಷ್ಟು ಹೊಸ ಪರೀಕ್ಷೆ ಪಾಸು ಮಾಡಿದ ಎಣ್ಣೆ. ಎಲ್ ಹಳೆಯದು, ಆಮೇಲೆ ಎಂ, ಎನ್, ಅದಾದ ಮೇಲೆ ಪಿ. ಈಗ ಅದಕ್ಕೂ ಮುಂದಿನದು ಬಂದಿದೆಯಂತೆ.

ನನ್ನ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ ನಂಬರು ಎಂದರೆ ಆಳಿನ ಎತ್ತರ, ತೂಕ. ಅಕ್ಷರ ಎಂದರೆ ಅವನ ಕೈಲಿರುವ ಲೈಸೆನ್ಸು. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬನಿಗೆ ಬಸ್ ಓಡಿಸುವ ಲೈಸೆನ್ಸ್ ಇರಬಹುದು, ಇನ್ನೊಬ್ಬನಿಗೆ ಬರೀ ಸ್ಕೂಟರಿನದು. ಹೊಸ ಅಕ್ಷರದ ಎಣ್ಣೆಯನ್ನು ಹಳೇ ಕಾರಿಗೆ ಹಾಕಬಹುದು, ಹಳೇ ಅಕ್ಷರದ್ದನ್ನು ಹೊಸ ಎಂಜಿನ್ನಿಗೆ ಹಾಕಬಾರದು. ನಮ್ಮದರಂಥ ಚಿಕ್ಕ ಟರ್ಬೋ ಎಂಜಿನ್ನುಗಳು ನಿಧಾನ ವೇಗದಲ್ಲಿ ಭಾರ ಎಳೆಯುವಾಗ ಒಳಗಿನ ಪೆಟ್ರೋಲ್ ಹೊತ್ತಿಗೆ ಮುಂಚೆಯೇ ಹತ್ತಿಕೊಳ್ಳುತ್ತದಂತೆ. ಅದೇ ಆ ಟಕ್ ಸದ್ದು. ಪಿ ಅಕ್ಷರದ ಎಣ್ಣೆಯನ್ನು ಅದನ್ನು ತಡೆಯುವಂತೆ ಮಾಡಿರುತ್ತಾರೆ, ಎಲ್ ಅಕ್ಷರದ್ದಕ್ಕೆ ಆ ವಿದ್ಯೆಯೇ ಇಲ್ಲ. ಏರಿನಲ್ಲಿ ಮೂರನೇ ಗೇರು ಹಾಕಿ ಎಳೆಸುವ ನಮ್ಮ ಪದ್ಧತಿ ಈ ಕಾರಿಗೆ ವಿಷ ಇಟ್ಟಂತೆ ಎಂದು ಅವತ್ತು ಗೊತ್ತಾಯಿತು. ಮುನಿರಾಜು ಹೇಳಿದ್ದು ಸರಿಯೇ ಇತ್ತು.

ಆದರೆ ನಮ್ಮ ಕ್ಯಾನಿನ ಹಿಂದೆ ಇದ್ದದ್ದು ಎಸ್‌ಪಿ. ಸರಿಯಾದದ್ದೇ. ಸರಿಯಾದ ಎಣ್ಣೆ ಒಳಗಿದ್ದರೆ ಪಿಸ್ಟನ್ ಇಷ್ಟು ಬೇಗ ಯಾಕೆ ಒಡೆಯಬೇಕು? ಮಾರನೇ ದಿನ ಮ್ಯಾನೇಜರಿಗೆ ಕ್ಯಾನು ತೋರಿಸಿದೆ. ಅವರು ಕ್ಯಾನು ನೋಡಿ, ನನ್ನನ್ನು ನೋಡಿ, ಇದರೊಳಗಿನದೇ ಹಾಕಿದರು ಅನ್ನೋದು ನಿಮಗೆ ಗ್ಯಾರಂಟಿನಾ ಎಂದು ಕೇಳಿದರು.

ಅಲ್ಲಿಂದ ನೇರ ಸಲೀಂ ಭಾಯ್ ಹತ್ತಿರ ಹೋದೆ. ಆಷಾಢದಲ್ಲಿ ಮುನಿರಾಜು ತಂದ ಕ್ಯಾನುಗಳ ಸೀಲು ಆಗಲೇ ಒಡೆದಿತ್ತು ಎಂದು ಅವನು ಹೇಳಿದ. ನಿಮ್ಮ ಮನೆಯ ಆಳು, ನಾನ್ಯಾಕೆ ಕೇಳಲಿ ಎಂದುಕೊಂಡು ಸುಮ್ಮನಿದ್ದನಂತೆ. ಆಯಿಲ್ ಹಾಕಿದ ಮೇಲೆ ಖಾಲಿ ಕ್ಯಾನಿಗೆ ಸ್ಕ್ರೂಡ್ರೈವರಿನಿಂದ ತೂತು ಹಾಕುವುದು ಗ್ಯಾರೇಜುಗಳಲ್ಲಿ ಇರುವ ಪದ್ಧತಿ ಎಂದೂ ಅವನೇ ಹೇಳಿದ. ಇಲ್ಲದಿದ್ದರೆ ಖಾಲಿ ಕ್ಯಾನನ್ನು ಕೊಂಡುಕೊಳ್ಳುವವರಿದ್ದಾರೆ, ಅದಕ್ಕೆ ಹಾಳುಮೂಳು ಎಣ್ಣೆ ತುಂಬಿ ಮತ್ತೆ ಮಾರುತ್ತಾರೆ. 

ಲೆಕ್ಕ ಸರಳವಾಗಿತ್ತು. ಯಜಮಾನರು ಅಂಗಡಿಯಿಂದ ಸೀಲ್ ಇದ್ದ ಕ್ಯಾನು ತಂದು ಗೂಡಿನಲ್ಲಿಟ್ಟರು. ಗ್ಯಾರೇಜಿಗೆ ಹೋಗುವಾಗ ಸೀಲ್ ಒಡೆದಿತ್ತು. ನಡುವೆ ಆ ಕ್ಯಾನು ಮುಟ್ಟಿದವನು ಮುನಿರಾಜು ಒಬ್ಬನೇ, ಒಳ್ಳೇ ಎಣ್ಣೆ ಮಾರಿಕೊಂಡು ಹಾಳುಮೂಳು ತುಂಬಿದ್ದಾನೆ.

ಆ ಸಂಜೆ ಆಫೀಸಿನಲ್ಲಿ ಮುನಿರಾಜುವನ್ನು ನಿಲ್ಲಿಸಿ ಕೇಳಿದೆ. ಹಿಂದಿನಿಂದ ಮಾತಾಡುವ ಅಭ್ಯಾಸ ನನಗಿಲ್ಲ, ಮುಖದ ಮೇಲೆಯೇ ಕೇಳಿದೆ. ಹೊರಗೆ ಧೋ ಎಂದು ಮಳೆ. ಯಜಮಾನರು ಮೇಜಿನ ಆಚೆ ಪೇಪರ್ ಹಿಡಿದು ಕೂತಿದ್ದರು.

"ಸಲೀಂ ಭಾಯ್‌ಗೆ ಕೊಟ್ಟಾಗ ಕ್ಯಾನ್ ಸೀಲ್ ಒಡೆದಿತ್ತಂತೆ. ಏನಿದು ಮುನಿರಾಜು?"

ಅವನು ನನ್ನ ಕಡೆ ನೋಡಲಿಲ್ಲ. ಯಜಮಾನರ ಕಡೆ ನೋಡಿದ. ನೋಡಿ, ಕಾದ. ತಪ್ಪು ಮಾಡಿದವನು ಮೆತ್ತಗಿನವರ ಆಸರೆ ಹುಡುಕುತ್ತಿದ್ದಾನೆ ಎಂದುಕೊಂಡೆ. ಆ ಆಸರೆಯನ್ನೂ ಮುರಿದುಬಿಡೋಣ ಎಂದು ನಾನೇ ಅವರ ಕಡೆ ತಿರುಗಿದೆ.

"ರೀ, ನೀವು ತಂದಿಟ್ಟಾಗ ಸೀಲ್ ಇತ್ತು ತಾನೆ?"

"ಹೊಸ ಕ್ಯಾನ್ ಅಂದ್ಮೇಲೆ ಸೀಲ್ ಇರುತ್ತಲ್ವಾ" ಎಂದು ಅವರು ಪೇಪರಿನ ಪುಟ ತಿರುಗಿಸಿದರು.

ಮುನಿರಾಜುವಿನ ಮುಖದಲ್ಲಿ ಏನೋ ಒಂದು ಇಳಿದುಹೋಯಿತು. ನಾನು ತೆಗೆದಿಲ್ಲ ಮೇಡಂ ಎಂದಷ್ಟೇ ಹೇಳಿದ. ಹಾಗಾದರೆ ಯಾರು ಎಂದು ಕೇಳಿದ್ದಕ್ಕೆ ಪೇಪರಿನ ಕಡೆಗೇ ನೋಡುತ್ತ ನಿಂತ. ರಿಪೇರಿಯಾಗಿ ಬರುವ ಹೊಸ ಕಾರು ಇನ್ನು ನಿನಗಿಲ್ಲ, ಹಳೆಯದರಲ್ಲಿ ಮಾತ್ರ ಕಲಿಸು ಎಂದೆ. ಆಗಲಿ ಎಂದು ಕೀ ಮೇಜಿನ ಮೇಲಿಟ್ಟು, ಮಳೆ ನಿಲ್ಲುವವರೆಗೂ ಕಾಯದೆ ಹೊರಟ.

ಇಂಥ ಸುದ್ದಿಗೆ ಕಾಲು ಬೇಗ ಬರುತ್ತದೆ. ಗ್ಯಾರೇಜಿನ ಹುಡುಗರು ಅವನನ್ನು ಆಯಿಲ್ ಮುನಿ ಎಂದು ಕರೆಯತೊಡಗಿದರಂತೆ. ಕಲಿಯಲು ಬರುತ್ತಿದ್ದ ಒಬ್ಬರು, ಅವನು ಬೇಡ, ಬೇರೆಯವರು ಇದ್ದರೆ ಬರುತ್ತೇವೆ ಎಂದರು. ಗಣೇಶನನ್ನು ಬಿಟ್ಟ ಮಾರನೇ ದಿನ ಮುನಿರಾಜು ಹಳೇ ಕಾರಿನ ಕೀಯನ್ನೂ ತಂದುಕೊಟ್ಟ. ಅಮ್ಮನಿಗೆ ಹುಷಾರಿಲ್ಲ ಎಂದ. ನಾನು ಇರು ಎನ್ನಲಿಲ್ಲ. ಯಜಮಾನರು ಮಾತ್ರ, ಪಾಪ, ಅವನ ಅಮ್ಮನಿಗೆ ಏನಾಗಿದೆಯೋ ಎಂದರು.

ಕಾರು ರಿಪೇರಿಯಾಗಿ ಬಂತು. ಈ ಸಲ ಎಲ್ಲ ನಾನೇ. ಅಂಗಡಿಗೆ ಹೋಗಿ ಕ್ಯಾನು ತಿರುಗಿಸಿ, ಉಂಗುರದೊಳಗಿನ ಎಸ್‌ಪಿ ನೋಡಿ, ಸೀಲು ಉಗುರಿನಿಂದ ಕೆರೆದು ನೋಡಿ ತಂದೆ. ಸ್ವಲ್ಪ ದಿನ ಓಡಿಸಿ ಮತ್ತೊಮ್ಮೆ ಬದಲಾಯಿಸಿ ಎಂದು ವರ್ಕ್‌ಶಾಪಿನವರು ಹೇಳಿದ್ದರಿಂದ ಸಲೀಂ ಭಾಯ್ ಹತ್ತಿರ ಹೋಗಿ, ಕಣ್ಣಲ್ಲಿ ಕಣ್ಣಿಟ್ಟು ನಿಂತು ಹಾಕಿಸಿದೆ. ಖಾಲಿಯಾದ ಕ್ಯಾನುಗಳಿಗೆ ಅವನ ಸ್ಕ್ರೂಡ್ರೈವರ್ ಇಸಿದುಕೊಂಡು ನಾನೇ ತೂತು ಹಾಕಿದೆ. ಕ್ಯಾನು ತೂತಾಗುವಾಗ ಒಂದು ಸಮಾಧಾನ ಸಿಗುತ್ತದೆ, ಸುಳ್ಳು ಹೇಳುವುದಿಲ್ಲ. ಗುಜರಿಗೆ ಹಾಕೋಣ ಎಂದು ಅವನ್ನು ಮನೆಗೆ ತಂದು ಮೆಟ್ಟಿಲ ಕೆಳಗಿಟ್ಟೆ.

ಮಹಾಲಯದ ಮುಂಚಿನ ಭಾನುವಾರ. ಯಜಮಾನರು ಬನಿಯನ್ ಹಾಕಿಕೊಂಡು ಮೆಟ್ಟಿಲ ಕೆಳಗೆ ಸಾಮಾನು ಜೋಡಿಸುತ್ತಿದ್ದರು. ನಾನು ಅಡುಗೆಮನೆಯಲ್ಲಿ ಹುಣಸೆಹಣ್ಣು ಕಿವುಚುತ್ತಿದ್ದೆ. ಅಲ್ಲಿಂದಲೇ ಅವರ ದನಿ ಬಂತು. ಅಪರೂಪಕ್ಕೆ ಆ ದನಿಯಲ್ಲಿ ಸಿಟ್ಟಿತ್ತು.

"ಎಂಥಾ ಗಟ್ಟಿ ಕ್ಯಾನ್ ಕಣೇ ಇವು, ಎಲ್ಲಕ್ಕೂ ತೂತು ಹಾಕಿಟ್ಟಿದೀಯಲ್ಲ. ಇನ್ನು ಬಕೆಟ್ಟಲ್ಲಿರೋದನ್ನ ಯಾವುದಕ್ಕೆ ಸುರೀಲಿ ನಾನು?"

ಹುಣಸೆಯ ಕೈಯಲ್ಲೇ ಹೊರಗೆ ಬಂದೆ. ಯಾವ ಬಕೆಟ್ಟು ಎಂದು ಕೇಳಿದೆ. ಅವರು ಕ್ಯಾನು ಹಿಡಿದುಕೊಂಡು ಹಾಗೇ ನಿಂತರು. ಬಾಯಿಂದ ಬಿದ್ದ ಮಾತನ್ನು ಎತ್ತಿಕೊಳ್ಳಲು ಆಗುವುದಿಲ್ಲವಲ್ಲ. ಮೂಲೆಯಲ್ಲಿ ಗೋಣಿಚೀಲ ಮುಚ್ಚಿಟ್ಟಿದ್ದ ಒಂದು ದೊಡ್ಡ ಬಕೆಟ್ಟು ಇತ್ತು. ನಾನದನ್ನು ಅಕ್ಕಿಹಿಟ್ಟಿನದೋ ಫಿನಾಯಿಲಿನದೋ ಎಂದುಕೊಂಡು ಎಷ್ಟೋ ದಿನ ದಾಟಿ ಓಡಾಡಿದ್ದೆ. ಚೀಲ ಎಳೆದೆ. ಎಂಜಿನ್ ಆಯಿಲ್. ಮುಂದೆ ದಪ್ಪಕ್ಕೆ ಫೈವ್ ಡಬ್ಲ್ಯೂ ಥರ್ಟಿ. ತಿರುಗಿಸಿದೆ. ಉಂಗುರದ ಒಳಗೆ ಎಸ್‌ಎಲ್.

ಕೂರಿಸಿ ಕೇಳಿದೆ. ಹಳೇ ಕಾರಿಗೆಂದು ಸಗಟಿನಲ್ಲಿ ತಂದಿದ್ದರಂತೆ. ಎರಡೂ ಪೆಟ್ರೋಲ್ ಕಾರು, ನಂಬರೂ ಒಂದೇ, ಹಾಗಿದ್ದ ಮೇಲೆ ಚಿಕ್ಕ ಕ್ಯಾನಿಗೆ ಯಾಕೆ ದುಡ್ಡು ಸುರಿಯಬೇಕು ಎಂದು ಯುಗಾದಿಯಲ್ಲಿ ಗ್ಯಾರೇಜಿನಿಂದ ತೂತು ಹಾಕಿಸದೆ ತಂದಿದ್ದ ಖಾಲಿ ಕ್ಯಾನುಗಳನ್ನು ತೊಳೆದು, ಒಣಗಿಸಿ, ಅದಕ್ಕೆ ತುಂಬಿ ಗೂಡಿನಲ್ಲಿಟ್ಟಿದ್ದರು. ಶಾಂಪೂ ತುಂಬಿದ ಹಾಗೆ, ಫಿನಾಯಿಲ್ ತುಂಬಿದ ಹಾಗೆ. ಇವರು ಪಿ ಅಕ್ಷರದ ಬಕೆಟ್ಟನ್ನೇ ತಂದಿದ್ದರೆ ಎರಡು ಕಾರಿಗೂ ಆಗುತ್ತಿತ್ತು, ಅವರ ಸಗಟೂ ಉಳಿಯುತ್ತಿತ್ತು, ಪಿಸ್ಟನ್ನೂ ಉಳಿಯುತ್ತಿತ್ತು. ಆ ಎರಡು ಅಕ್ಷರದ ವಿಷಯ ನನಗೇ ಗೊತ್ತಿರಲಿಲ್ಲ, ಅವರಿಗೆ ಗೊತ್ತಿರಲಿಲ್ಲ ಎಂದು ಜಗಳ ಆಡಲು ನನಗೆ ಬಾಯಿಯಿಲ್ಲ. ಅದನ್ನು ನಾನು ಅವತ್ತೇ ಬಿಟ್ಟೆ.

"ಅವತ್ತು ಮುನಿರಾಜುನ ನಿಲ್ಲಿಸಿ ಕೇಳಿದಾಗ ಯಾಕೆ ಬಾಯಿ ಬಿಡ್ಲಿಲ್ಲ?"

ಅವರು ಬನಿಯನ್ನಿನ ಅಂಚಿನಿಂದ ಕೈ ಒರೆಸಿಕೊಂಡರು. "ಹೇಳೋಣ ಅಂತಲೇ ಇದ್ದೆ. ನೀನಾಗಲೇ ಅವನನ್ನ ಹಿಡ್ಕೊಂಡಿದ್ದೆ. ಅವನ ಮುಂದೆ ನಾನೇ ಅಂತ ಹೇಗೆ ಹೇಳೋದು ಹೇಳು."

ಸಿಟ್ಟು ಬಂತು ಎಂದರೆ ಸಾಲದು. ನನಗೆ ಹೆದರಿಕೆಯಾಯಿತು. ಇಷ್ಟು ವರ್ಷದ ಸಂಸಾರದಲ್ಲಿ ಹಾಲಿನವನಿಂದ ಹಿಡಿದು ಬ್ಯಾಂಕಿನವರವರೆಗೆ ಎಲ್ಲರನ್ನೂ ತಿರುಗಿಸಿ ನೋಡಿದ್ದೇನೆ. ಒಬ್ಬರನ್ನು ಮಾತ್ರ ಎಂದೂ ತಿರುಗಿಸಿ ನೋಡಿರಲಿಲ್ಲ. ಒಳ್ಳೆಯವರು ಎಂದು ಮುಂದೆ ದಪ್ಪ ಅಕ್ಷರದಲ್ಲಿ ಬರೆದಿತ್ತು, ಅಷ್ಟು ಸಾಕು ಎಂದುಕೊಂಡಿದ್ದೆ. ಗಟ್ಟಿಯಾಗಿ ಮಾತಾಡದವರು, ಯಾರನ್ನೂ ನೋಯಿಸದವರು ಒಬ್ಬನ ಹೆಸರು ಕೆಡುವುದನ್ನು ಪೇಪರ್ ಓದುತ್ತ ನೋಡಿದರು.

ಆವತ್ತೇ ಸಂಜೆ ಹೊಸಕೆರೆಹಳ್ಳಿಗೆ ಹೋದೆ. ಯಜಮಾನರು ಚಪ್ಪಲಿ ಹಾಕಿಕೊಂಡು ಗೇಟಿನ ತನಕ ಬಂದು, ನೀನೇ ಹೋಗಿ ಬಾ, ನೀನೇ ತಾನೇ ಕೇಳಿದ್ದು ಎಂದು ಒಳಗೆ ಹೋದರು. ಮುನಿರಾಜುವಿನ ಮನೆ ಕೆರೆಯ ಕಡೆಗೆ ಹೋಗುವ ರಸ್ತೆಯಲ್ಲಿ, ಒಂದು ತಿರುವು ದಾಟಿದರೆ ಸಿಗುತ್ತದೆ. ಅವನ ಅಮ್ಮ ಚೆನ್ನಾಗಿಯೇ ಇದ್ದರು. ಬನ್ನಿ ಅಮ್ಮ ಎಂದು ಒಳಗೆ ಕರೆದು ಕಾಫಿ ಮಾಡಲು ಹೋದರು. ಮುನಿರಾಜು ಒಂದು ಕಂಪನಿಯ ಕ್ಯಾಬಿಗೆ ಡ್ರೈವರಾಗಿ ಸೇರಿದ್ದ. ಸಮವಸ್ತ್ರದ ಶರ್ಟು ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು.

ನಡೆದದ್ದನ್ನು ಎಲ್ಲ ಹೇಳಿದೆ. ಬಕೆಟ್ಟು, ಕ್ಯಾನು, ಎಸ್‌ಎಲ್. ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಆಗ ನನಗೆ ಹೊಳೆಯಿತು. ನಿನಗೆ ಮುಂಚೆಯೇ ಗೊತ್ತಿತ್ತಾ ಎಂದು ಕೇಳಿದೆ. ಗೂಡಿನಿಂದ ತೆಗೆಯುವಾಗಲೇ ಸೀಲ್ ಒಡೆದಿದ್ದು ನೋಡಿ ಸಾರ್‌ಗೆ ಹೇಳಿದ್ದನಂತೆ. ನಾನೇ ತೆರೆದದ್ದು, ನೀನು ಹೋಗಿ ಹಾಕಿಸು ಎಂದಿದ್ದರಂತೆ.

"ಅವತ್ತು ಅದನ್ನ ನನಗೆ ಹೇಳಬಾರದಿತ್ತಾ?"

"ಸಾರ್ ಎದುರಿಗೇ ಕೂತಿದ್ರಲ್ಲ ಮೇಡಂ. ಅವ್ರೇ ಹೇಳ್ತಾರೆ ಅಂತ ಕಾಯ್ದೆ."

ಅವನ ಅಮ್ಮ ಕಾಫಿ ತಂದಿಟ್ಟು ಒಳಗೆ ಹೋದರು. ನಾನು ಹಾಗೆ ಕೇಳಬಾರದಿತ್ತು, ಬೇಜಾರು ಮಾಡ್ಕೋಬೇಡ ಎಂದೆ. ಅವನು ತಲೆಯಾಡಿಸಿದ.

"ನಿಮ್ಮ ಮೇಲೆ ಬೇಜಾರಿಲ್ಲ ಮೇಡಂ. ನೀವು ಅನುಮಾನ ಪಟ್ರಿ, ಮುಖಕ್ಕೇ ಕೇಳಿದ್ರಿ. ಸಾರ್ ನನ್ನ ಮೇಲೆ ಅನುಮಾನ ಪಡ್ಲೇ ಇಲ್ಲ. ಅವ್ರಿಗೆ ಗೊತ್ತಿತ್ತು."

 ಕಾಫಿ ಆರುತ್ತಿತ್ತು. ಅವತ್ತು ಮೂಸದೆ ಕುಡಿದೆ. ಕೆಲಸಕ್ಕೆ ವಾಪಸ್ ಬಾ, ಎರಡು ಕಾರಿನ ಕೀಯೂ ನಿನ್ನದೇ ಎಂದೆ. ಸಲೀಂ ಭಾಯ್ ಗ್ಯಾರೇಜಿಗೆ ನಾನೇ ಹೋಗಿ ಎಲ್ಲರ ಮುಂದೆ ಹೇಳುತ್ತೇನೆ ಎಂದೆ. ಆ ಮಾತು ಮಾರನೇ ದಿನವೇ ಉಳಿಸಿಕೊಂಡೆ ಕೂಡ. ಮುನಿರಾಜು ಬರುವುದಿಲ್ಲ ಎಂದೂ ಹೇಳಲಿಲ್ಲ, ಬರುತ್ತೇನೆ ಎಂದೂ ಹೇಳಲಿಲ್ಲ. ಗೇಟಿನ ತನಕ ಬಂದು, "ಸಾರ್ ಒಂದ್ ಸಲ ಬಂದು ಒಂದ್ ಮಾತು ಹೇಳಿದ್ರೆ ಬರ್ತೀನಿ ಮೇಡಂ. ಇಲ್ಲಿಗೇ ಬರ್ಲಿ" ಎಂದ.

ಮನೆಗೆ ಬಂದು ಹಾಗೆಯೇ ಹೇಳಿದೆ. ಹೋಗೋಣ, ಹಬ್ಬ ಮುಗಿಯಲಿ ಎಂದರು. ಆಯುಧಪೂಜೆಯ ದಿನ ಎರಡು ಕಾರಿಗೂ ಅವರೇ ಕುಂಕುಮ ಇಟ್ಟು, ಬೂದುಗುಂಬಳ ಒಡೆದರು. ಆಮೇಲೆ ದೀಪಾವಳಿ ಮುಗಿಯಲಿ ಎಂದರು. ಆಮೇಲೆ ನಾನು ಕೇಳುವುದನ್ನು ಬಿಟ್ಟೆ. ಈಗ ಬೇರೆ ಇಬ್ಬರು ಕಲಿಸುವವರಿದ್ದಾರೆ. ಏರಿನಲ್ಲಿ ಎರಡನೇ ಗೇರು ಎಂದು ಹೇಳಿಕೊಟ್ಟಿದ್ದೇನೆ, ಗೇಟಿಗೆ ಬಂದು ಕೂಗುವವರು ಕೂಗಲಿ. ಕಾರು ಮತ್ತೆ ಆ ಸದ್ದು ಮಾಡಿಲ್ಲ.

ಯಜಮಾನರು ದಿನಾ ಸಂಜೆ ವಾಕಿಂಗ್ ಹೋಗುತ್ತಾರೆ. ಹೋಗುವುದು ಹೊಸಕೆರೆಹಳ್ಳಿಯ ದಾರಿಯಲ್ಲೇ, ಕೆರೆಯ ತನಕ. ದಾರಿಯಲ್ಲಿ ಸಿಕ್ಕವರನ್ನೆಲ್ಲ ನಗುನಗುತ್ತ ಮಾತಾಡಿಸುತ್ತಾರೆ. ಒಂದು ದಿನ ಅವರಿಗೆ ಗೊತ್ತಾಗದಂತೆ ನಾನು ಹಿಂದೆಯೇ ಹೋಗಿ ನೋಡಿದೆ. ಮುನಿರಾಜುವಿನ ಮನೆಯ ತಿರುವು ಇನ್ನೂ ಸ್ವಲ್ಪ ದೂರ ಇರುವಾಗಲೇ ಅವರು ಎಡಕ್ಕೂ ಬಲಕ್ಕೂ ನೋಡಿ, ರಸ್ತೆ ದಾಟಿ, ಆಚೆ ಬದಿಯಲ್ಲಿ ನಡೆದುಹೋದರು.